ಗೂಟಪ್ಪನ ಸ್ವಂತ ಕೋಟು

ಗೂಟಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಯಾವ ತಾಯಿಯೂ ಹಾಗೆ ಇಡುವುದಿಲ್ಲ. ಅದು ಹಳೇ ಬಟ್ಟೆ ಬೀದಿಯವರು ಕೊಟ್ಟ ಬಿರುದು. ಗೋಡೆಯ ಗೂಟ ಯಾವ ಅಂಗಿಯನ್ನೂ ಬೇಡವೆನ್ನುವುದಿಲ್ಲವಲ್ಲ, ಹಾಗೆ ಅವನ ಮೈಗೆ ಯಾವ ಕೋಟು ಹಾಕಿದರೂ ಸರಿಯಾಗಿ ಕೂರುತ್ತಿತ್ತು. ದಪ್ಪನಲ್ಲ, ಸಣಕಲನಲ್ಲ, ಉದ್ದನಲ್ಲ, ಕುಳ್ಳನಲ್ಲ. ದೇವರು ಇವನ ಮೈ ಮಾಡುವಾಗ ಅಳತೆ ಟೇಪು ಹಿಡಿದು ಕೂತಿದ್ದ, ಮುಖ ಮಾಡುವ ಹೊತ್ತಿಗೆ ಬೇಜಾರಾಗಿ ಎದ್ದು ಹೋದ ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು.

ಬೀದಿ ಬಹಳ ಹಳೆಯದು. ಕೋಟೆಯ ಕಮಾನು ಬಾಗಿಲಿನಲ್ಲಿ ಹುಟ್ಟಿ, ಗಡಿಯಾರದ ಗೋಪುರದ ಬುಡದಲ್ಲಿ ಮುಗಿಯುವ ಕಲ್ಲುಹಾಸಿನ ದಾರಿ. ಎರಡೂ ಕಡೆ ಮರದ ಬಾಲ್ಕನಿಗಳ ಕೆಳಗೆ ಹಳೇ ಬಟ್ಟೆಯ ಅಂಗಡಿಗಳು. ಹಳೇ ಬಟ್ಟೆ ಎಂದರೆ ಹರಕಲು ಎಂದುಕೊಳ್ಳಬೇಡಿ. ಅಜ್ಜ ಮುತ್ತಜ್ಜಂದಿರ ಕಾಲದ ಉಣ್ಣೆ ಕೋಟು, ಮಖಮಲ್ಲಿನ ಜಾಕೀಟು, ಗರಿ ಸಿಕ್ಕಿಸಿದ ಟೋಪಿ. ಹೊಸದಾಗಿದ್ದಾಗ ಯಾರೂ ತಿರುಗಿ ನೋಡದಿದ್ದ ಬಟ್ಟೆಗೆ ಡಾಂಬರು ಗುಳಿಗೆಯ ಜೊತೆ ಪೆಟ್ಟಿಗೆಯಲ್ಲಿ ಒಂದು ಆಯಸ್ಸು ಕಳೆದ ಮೇಲೆ ಎಲ್ಲಿಲ್ಲದ ಮರ್ಯಾದೆ ಬಂದುಬಿಡುತ್ತದೆ. ದೂರದೂರುಗಳಿಂದ ಜನ ಅದಕ್ಕೆಂದೇ ಬರುತ್ತಿದ್ದರು, ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಆಮೇಲೆ ಯಾರೋ ಸತ್ತವರ ಕೋಟನ್ನು ಖುಷಿಯಿಂದ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಈ ಬೀದಿಯಲ್ಲಿ ಗೂಟಪ್ಪನಿಗೆ ಅಂಗಡಿ ಇರಲಿಲ್ಲ. ಅವನೇ ಅಂಗಡಿ. ಹರೆಯದಲ್ಲಿ ಒಂದು ಕೋಟಿನ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದಾಗ, ಒಂದು ಬೆಳಿಗ್ಗೆ ಚಳಿ ತಡೆಯಲಾರದೆ ಹ್ಯಾಂಗರಿನಲ್ಲಿದ್ದ ಕೋಟನ್ನೇ ಏರಿಸಿಕೊಂಡು ಚಹಾ ಕುಡಿಯಲು ಹೋದ. ವರ್ಷಗಟ್ಟಲೆ ಧೂಳು ಕುಡಿದಿದ್ದ ಕೋಟು ಅದು. ಚಹಾ ಆರುವುದರೊಳಗೆ ಯಾರೋ ಬಂದು, "ಈ ಕೋಟು ಎಲ್ಲಿ ಸಿಕ್ತು? ನನಗೆ ಕೊಡ್ತೀರಾ?" ಎಂದು ದುಂಬಾಲು ಬಿದ್ದರು. ಅಂಗಡಿ ಯಜಮಾನ ಅಂದೇ ಅವನ ಕೈಯಿಂದ ಪೊರಕೆ ಕಿತ್ತುಕೊಂಡ. ಅಂದಿನಿಂದ ಬೀದಿಯ ಅಂಗಡಿಯವರೆಲ್ಲ ಸರದಿಯ ಮೇಲೆ ಒಂದೊಂದು ದಿನ ತಮ್ಮ ಬಟ್ಟೆಯನ್ನು ಅವನ ಮೈಗೆ ಹಾಕಿ ಬೀದಿಗೆ ಬಿಡುತ್ತಿದ್ದರು.

ಸುಮ್ಮನೆ ಹಾಕಿಕೊಂಡು ತಿರುಗಿದರಾಯಿತು, ಅದೇನು ಮಹಾ ವಿದ್ಯೆ ಎಂದು ನಿಮಗನ್ನಿಸಬಹುದು. ಹಾಗಂದುಕೊಂಡ ಎಷ್ಟೋ ಜನ ಪ್ರಯತ್ನಿಸಿ ಕೈಸುಟ್ಟುಕೊಂಡಿದ್ದಾರೆ. ನಿಂತವನು ಹ್ಯಾಂಗರಿಗೆ ಸಮ, ಆದ್ದರಿಂದ ನಿಲ್ಲಬಾರದು. ಬೇರೆಲ್ಲೋ ಹೋಗುವ ಆತುರವಿದ್ದವನ ಹಾಗೆ ನಡೆಯಬೇಕು. ಮೊದಲ ಸಲ ಕೇಳಿದಾಗ, "ಇದು ಮಾರೋಕಲ್ಲ ಸಾರ್" ಎನ್ನಬೇಕು. ಎರಡನೇ ಸಲಕ್ಕೆ ನಿಟ್ಟುಸಿರು. ಮೂರನೇ ಸಲಕ್ಕೆ ಕಥೆ. ಆ ಕಥೆಯಲ್ಲಿ ಒಬ್ಬ ಹಡಗಿನ ಕಪ್ತಾನ ಇರುತ್ತಿದ್ದ, ಇಲ್ಲವೇ ಒಬ್ಬ ಗಾಯಕ, ಇಲ್ಲವೇ ಪ್ರೀತಿಗಾಗಿ ಕೆಲಸ ಬಿಟ್ಟ ಜಡ್ಜು. ಯಾರೇ ಇರಲಿ, ಸತ್ತಿರಬೇಕು. ಕೋಟು ಹೊಲಿದವರೂ ಸತ್ತಿರಬೇಕು. ಇದು ಬೀದಿಯ ಕಟ್ಟಳೆ. ಹೊಲಿದ ಕೈ ಬದುಕಿದ್ದರೆ ಇನ್ನೊಂದು ಹೊಲಿದೀತು, ಆಗ ಇದಕ್ಕೇನು ಬೆಲೆ? ಕಥೆ ಮುಗಿಯುವ ಹೊತ್ತಿಗೆ ಗೂಟಪ್ಪನ ಕೈ ತಾನಾಗಿಯೇ ಮೇಲಿನ ಗುಂಡಿಗೆ ಹೋಗುತ್ತಿತ್ತು, ಕೋಟು ಕೊಂಡವರ ಮೈಗೆ ಹೋಗುತ್ತಿತ್ತು, ಅವನು ಬನಿಯನ್ನಿನಲ್ಲಿ ಅಂಗಡಿಗೆ ವಾಪಸಾಗುತ್ತಿದ್ದ. ಪ್ಯಾಂಟನ್ನು ಮಾತ್ರ ಅವನು ಮೈಮೇಲಿಂದ ಮಾರಿದವನಲ್ಲ, ಒಂದು ಸಲದ ಹೊರತು. ಆ ಸಂಗತಿಯನ್ನು ಅವನ ಹೆಂಡತಿ ಯಾರಿಗೂ ಹೇಳಲು ಬಿಡುವುದಿಲ್ಲ.

ಹೆಂಡತಿಯ ವಿಷಯ ಹೇಳಲೇಬೇಕು. ಬೀದಿಗೆ ಬರುವ ಹಳೇ ಬಟ್ಟೆಯೆಲ್ಲ ಮೊದಲು ಬರುತ್ತಿದ್ದದ್ದು ಅವಳ ಹೊಲಿಗೆ ಯಂತ್ರದ ಮುಂದಕ್ಕೆ. ಹುಳು ತಿಂದದ್ದಕ್ಕೆ ರಫು ಹಾಕುವುದು, ಜೋತುಬಿದ್ದ ಕಾಲರನ್ನು ಎಬ್ಬಿಸುವುದು, ಸವೆದ ಅಸ್ತರನ್ನು ಬಿಚ್ಚಿ ಬೇರೆ ಕೂರಿಸುವುದು, ಎಲ್ಲ ಅವಳ ಕೈಯಲ್ಲಿ. ಗೂಟಪ್ಪ ಬೀದಿಯಲ್ಲಿ ಕಪ್ತಾನನ ದರ್ಜಿಯನ್ನು ಹೊಗಳುವಾಗ, ಅರ್ಧ ಹೊಗಳಿಕೆ ನ್ಯಾಯವಾಗಿ ಅವಳಿಗೆ ಸೇರಬೇಕಾದದ್ದು. ಆದರೆ ಹಿತ್ತಲ ಗಿಡ ಮದ್ದಲ್ಲ. ದಿನವಿಡೀ ದಾರಿಹೋಕರೆದುರು ಮಾತು ಸುರಿದು ಬಂದ ಗಂಡ, ಮನೆಗೆ ಬಂದೊಡನೆ ಬಾಯಿಗೆ ಬೀಗ ಜಡಿದುಕೊಳ್ಳುತ್ತಿದ್ದ. ಊಟ ಹೇಗಿದೆ ಎಂದರೆ ಹೂಂ. ಸೀರೆ ಹೇಗಿದೆ ಎಂದರೆ ಹೂಂ. ಆ ಹೂಂಕಾರಗಳನ್ನೇ ಗಂಟು ಕಟ್ಟಿಟ್ಟುಕೊಂಡು ಸಂಸಾರ ಮಾಡಿದವಳು ಅವಳು.

ಅವರಿಗೆ ಒಬ್ಬಳೇ ಮಗಳು. ಶಾಲೆಯಲ್ಲಿದ್ದಾಗ ಹಾಡಿನಲ್ಲಿ ಅವಳಿಗೆ ಮೊದಲ ಬಹುಮಾನ ಬಂತು. ಅಪ್ಪ ಬರಲೇಬೇಕೆಂದು ಅವಳ ಹಟ. ಅಪ್ಪ ಬಂದ. ಆ ದಿನದ ಸರದಿಯ ನೀಲಿ ಮಖಮಲ್ ಕೋಟಿನಲ್ಲೇ ಬಂದ. ಗೇಟಿನಲ್ಲಿ ಹೆಡ್‌ಮಾಸ್ತರರು ಎದುರಾಗಿ, "ಕೋಟು ಬಹಳ ಚೆನ್ನಾಗಿದೆಯಲ್ರೀ" ಎಂದರು. ಅಷ್ಟೇ ಸಾಕಾಯಿತು. ಹುಡುಗಿಯ ಹೆಸರು ಕೂಗಿದ ಮೇಲೆ ಅವಳು ವೇದಿಕೆ ಹತ್ತಿದಾಗ, ಬಹುಮಾನ ಕೊಡಲು ನಿಂತಿದ್ದ ಹೆಡ್‌ಮಾಸ್ತರರ ಮೈಮೇಲೆ ಅಪ್ಪನ ಕೋಟಿತ್ತು, ಹಿಂದಿನ ಸಾಲಿನಲ್ಲಿ ಅಪ್ಪ ಬನಿಯನ್ನಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದ. ಇಡೀ ಶಾಲೆ ನಕ್ಕಿತು. ನಾವೂ ನಗುತ್ತೇವೆ, ಆದರೆ ಆ ಹುಡುಗಿಗೆ ಅಂದು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಅವಳು ಆಮೇಲೆ ಯಾರ ಮುಂದೆಯೂ ಹಾಡಲಿಲ್ಲ.

ದೊಡ್ಡವಳಾಗಿ ಅವಳು ಸಿಟಿ ಬಸ್ಸಿನ ಡ್ರೈವರಾದಳು. ಯಾರೂ ಬೆಲೆ ಕೇಳದ ಬಟ್ಟೆ ಅಂದರೆ ಯೂನಿಫಾರಮ್ಮು, ಅದಕ್ಕೇ ಈ ಕೆಲಸ ಹಿಡಿದೆ ಎಂದು ತಮಾಷೆಗೆ ಹೇಳುತ್ತಿದ್ದಳು. ಪೂರ್ತಿ ತಮಾಷೆಯೇನೂ ಆಗಿರಲಿಲ್ಲ. ಅದೇ ಡಿಪೋದ ಮೆಕ್ಯಾನಿಕನನ್ನು ಮೆಚ್ಚಿ, ಗಡಿಯಾರದ ಗೋಪುರದ ಪಕ್ಕದ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗುವುದೆಂದು ನಿಶ್ಚಯವಾದಾಗ, ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

"ಅಪ್ಪಾ, ನನ್ನ ಕಡೆಯ ಸಾಕ್ಷಿ ಸಹಿ ನಿಂದೇ. ಆದ್ರೆ ಒಂದು ಮಾತು. ನೀನು ನಿನ್ನ ಸ್ವಂತ ಕೋಟಲ್ಲಿ ಬರಬೇಕು. ಬಂದ ಕೋಟಲ್ಲೇ ವಾಪಸ್ ಹೋಗಬೇಕು."

"ಅದಕ್ಕೇನಮ್ಮ..."

"ತಮಾಷೆ ಅಲ್ಲಪ್ಪ. ಕೋಟಿಲ್ದೆ ಬಂದ್ಯೋ, ಸಹಿ ಮಾವನ ಕೈಲಿ ಹಾಕಿಸ್ತೀನಿ. ನೀನು ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟು."

ಗೂಟಪ್ಪನ ಎದೆಗೆ ನೆಟ್ಟಗೆ ನಾಟಿತು. ಸೋದರಮಾವ ಎಂಥವನೆಂದರೆ, ಸಹಿ ಹಾಕಲು ಯಾರಾದರೂ ಕರೆದಾರೆಂದು ಸದಾ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡೇ ತಿರುಗುವವನು. ಅವನ ಕೈಯಲ್ಲಿ ತನ್ನ ಮಗಳ ಮದುವೆಯ ಸಹಿಯೇ? ಪ್ರಾಣ ಹೋದರೂ ಸರಿ, ಕೋಟು ಹೋಗಬಾರದು ಎಂದು ಅವನು ಮನಸ್ಸಿನಲ್ಲೇ ಆಣೆ ಮಾಡಿದ.

ಮಗಳು ಬಟ್ಟೆ ಆರಿಸಿದಳು. ಕಾಫಿಪುಡಿ ಬಣ್ಣದ ಉಣ್ಣೆ. ಹೆಂಡತಿ ಹೊಲಿದಳು. ಅವನ ಮೈ ಅಳೆಯುವಾಗ, ಎಡ ಹೆಗಲು ಬಲಕ್ಕಿಂತ ಒಂದು ಎಳೆ ತಗ್ಗು ಎಂದು ಅವಳಿಗೆ ಮೊದಲ ಬಾರಿ ಗೊತ್ತಾಯಿತು. ಇಷ್ಟು ಕಾಲ ಊರವರ ಕೋಟುಗಳೇ ಅದನ್ನು ಮುಚ್ಚಿಕೊಂಡು ಬಂದಿದ್ದವು. ಆ ಒಂದು ಹೆಗಲನ್ನು ಮತ್ತೆ ಮತ್ತೆ ಬಿಚ್ಚಿ ಕೂರಿಸಿದಳು. ಕೋಟು ಮುಗಿದ ದಿನ ಗೂಟಪ್ಪ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಎದುರಿಗೆ ನಿಂತವನು ಯಾರೋ ಗೌರವಸ್ಥ. ಗೂಟಪ್ಪ ಎಡ ಹೆಗಲನ್ನು ಮುಟ್ಟಿ ನೋಡಿಕೊಂಡ. ಹೆಂಡತಿ ಸೂಜಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು.

"ಹೇಗಿದೆ?"

"ಹೂಂ. ಕೈ ಒಂಚೂರು ಉದ್ದ ಆಯ್ತೇನೋ," ಎಂದ.

ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಕೈ ಉದ್ದವಾಗಿರಲಿಲ್ಲ.

ಮದುವೆಯ ಬೆಳಿಗ್ಗೆ ಟ್ಯಾಕ್ಸಿ ಬಂತು. ಸೋದರಮಾವ ಮುಂದೆ ಕೂತ, ಹಿಂದೆ ತಾಯಿ ಮಗಳು ಮತ್ತು ಬಟ್ಟೆಯ ಗಂಟುಗಳು. "ನಾನು ನಡೆದೇ ಬರ್ತೀನಿ, ಬೇಕಾದಷ್ಟು ಹೊತ್ತಿದೆ," ಎಂದ ಗೂಟಪ್ಪ. ಹೊಸ ಕೋಟು ತೊಟ್ಟು ಬೀದಿಯಲ್ಲಿ ಒಮ್ಮೆ ನಡೆಯುವ ಆಸೆ, ಅದನ್ನು ತಪ್ಪೆನ್ನುವಂತಿಲ್ಲ. ಹೆಂಡತಿ ಕಿಟಕಿಯಿಂದ ತಲೆ ಹಾಕಿದಳು.

"ನೋಡಿ, ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡಿ. ಒಳಗಿರೋ ಶರ್ಟಿನ ಬೆನ್ನು ನೆನಪಿದೆ ತಾನೆ?"

ಶರ್ಟಿನ ಮುಂಭಾಗ ಬೆಳ್ಳಗೆ, ಇಸ್ತ್ರಿ ಮಾಡಿ ಗರಿಗರಿಯಾಗಿತ್ತು. ಬೆನ್ನು ಮಾತ್ರ ಹರಿದುಹೋಗಿದ್ದರಿಂದ ಹಳೇ ಮಂಚದ ಹೊದಿಕೆಯ ತುಂಡು ಕೂರಿಸಿದ್ದಳು. ದೊಡ್ಡ ದೊಡ್ಡ ಕೆಂಪು ಹೂಗಳು. ಕೋಟಿನ ಒಳಗೆ ಯಾರು ಇಣುಕುತ್ತಾರೆ?

ಗೂಟಪ್ಪ ಕಮಾನು ದಾಟಿ ಬೀದಿಗಿಳಿದ. ಬಾಯಿಗೆ ಬೀಗ, ನಡಿಗೆಗೆ ಠೀವಿ. ಮೊದಲ ಅಂಗಡಿ ದಾಟಿದ, ಯಾರೂ ಕೇಳಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡ. ಬಾವಿಕಟ್ಟೆ ದಾಟಿದ; ಫೋಟೋ ಹೊಡೆಯುತ್ತಿದ್ದವರ ಗುಂಪು ಅವನಿಗೆ ದಾರಿ ಬಿಟ್ಟಿತು, ಕೋಟಿನ ಕಡೆ ಕಣ್ಣೆತ್ತಲಿಲ್ಲ. ಏನೋ ಇರುಸುಮುರುಸಾಯಿತು. ಕೈಗವಸಿನ ಅಂಗಡಿಯ ಅಕ್ಕ ಹೊಸ್ತಿಲಲ್ಲಿ ನಿಂತು, "ಏನು ಗೂಟಪ್ಪ, ಇವತ್ತು ರಜಾನಾ? ಮಾಲೇ ಹಾಕಿಲ್ಲ?" ಎಂದಳು.

ಈ ಮಾತು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಾಲು ಹಾಕಿಲ್ಲವೇ? ಹಾಗಾದರೆ ಇದು ಏನು? ಹುಳು ತಿಂದ ಕೋಟನ್ನು ಕೇಳಿದ್ದಾರೆ, ತೋಳು ಗಿಡ್ಡವಾದದ್ದನ್ನು ಕೇಳಿದ್ದಾರೆ, ಒಮ್ಮೆ ಒದ್ದೆಯಾಗಿ ನಾಯಿಯ ವಾಸನೆ ಹೊಡೆಯುತ್ತಿದ್ದದ್ದನ್ನೂ ಜಗಳವಾಡಿ ಕೊಂಡುಹೋಗಿದ್ದಾರೆ. ನನ್ನ ಹೆಂಡತಿ ಹೊಲಿದದ್ದನ್ನು ಕೇಳುವವರಿಲ್ಲವೇ? ಗಡಿಯಾರ ನೋಡಿದ, ಇನ್ನೂ ಹೊತ್ತಿತ್ತು. ಮಾರುವ ಯೋಚನೆ ಖಂಡಿತ ಇರಲಿಲ್ಲ. ಒಬ್ಬರು, ಒಂದೇ ಒಂದು ಸಲ ಕೇಳಿದರೆ ಸಾಕು, "ಮಾರೋಕಲ್ಲ ಸಾರ್" ಎಂದು ಹೇಳಿ ತಲೆಯೆತ್ತಿ ಕಚೇರಿಗೆ ಹೋಗುವುದು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಗೋಪುರದ ಬುಡದವರೆಗೆ ಬಂದವನು ಹಿಂದಕ್ಕೆ ತಿರುಗಿದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಎದುರಿಗೆ ಬಂದವರು ಗಂಡ ಹೆಂಡತಿ. ಗಂಡ ಹಲ್ಲಿನ ಡಾಕ್ಟರು, ರಜೆಗೆ ಊರು ನೋಡಲು ಬಂದವರು. ಮೈಕಟ್ಟು ಥೇಟ್ ಗೂಟಪ್ಪನದೇ. ಡಾಕ್ಟರ ಕಣ್ಣು ಕೋಟಿನ ಮೇಲೆ ಅರೆಗಳಿಗೆ ನಿಂತು ಮುಂದಕ್ಕೆ ಹೋಯಿತು. ಆ ಅರೆಗಳಿಗೆಯೇ ಸಾಕಾಯಿತು.

"ಮಾರೋಕಲ್ಲ ಸಾರ್," ಎಂದ ಗೂಟಪ್ಪ.

"ನಾನು ಕೇಳಲೇ ಇಲ್ಲವಲ್ಲ," ಎಂದರು ಡಾಕ್ಟರು.

"ಕೇಳಬೇಡಿ ಸಾರ್. ಕೇಳಿದ್ರೂ ಕೊಡೋ ಹಾಗಿಲ್ಲ. ಇದು ಹಡಗಿನ ಕಪ್ತಾನಂದು..."

"ಕಪ್ತಾನರ ಕೋಟು ಈಗಾಗಲೇ ಮೂರು ಅಂಗಡೀಲಿ ನೋಡಿದ್ವಿ," ಎಂದು ಡಾಕ್ಟರ ಹೆಂಡತಿ ನಕ್ಕಳು.

ಗೂಟಪ್ಪನಿಗೆ ರೇಗಿತು. ಕಪ್ತಾನನನ್ನು ಅಲ್ಲೇ ಮುಳುಗಿಸಿದ. ಕೋಟಿನ ಅಂಚನ್ನು ಮಗುಚಿ ಒಳಗನ್ನು ತೋರಿಸಿದ.

"ಕಪ್ತಾನ ಹಾಳಾಗಿ ಹೋಗಲಿ. ಈ ಗುಂಡಿ ಕಾಜ ನೋಡಿ ತಾಯಿ. ಒಂದೊಂದೂ ಕೈಯಲ್ಲಿ ಹೊಲಿದದ್ದು. ಇದನ್ನ ಹೊಲಿಯೋವಾಗ ಆಯಮ್ಮ ಉಸಿರು ಹಿಡ್ಕೋತಿದ್ಲು, ದಾರ ಕಡಿದ ಮೇಲೇ ಬಿಡ್ತಿದ್ಲು. ಈ ಕಾಲರ್ ನೋಡಿ, ಇಸ್ತ್ರಿ ಪೆಟ್ಟಿಗೇಲಿ ಕೂತದ್ದಲ್ಲ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದ್ದು. ಹೆಬ್ಬೆರಳು ದಡ್ಡುಗಟ್ಟಿ ಹೋಗಿತ್ತು ಪಾಪ. ತೊಡೋನ ಹೆಗಲು ಸೊಟ್ಟ ಇತ್ತು, ಅದು ಅವನಿಗೇ ಗೊತ್ತಿರಲಿಲ್ಲ. ಅವಳು ಒಂದು ಮಾತೂ ಆಡದೆ ಕೋಟಲ್ಲೇ ಅದನ್ನ ನೆಟ್ಟಗೆ ಮಾಡಿದ್ಲು. ಜೀವನಾನೂ ಹಾಗೇ ನೆಟ್ಟಗೆ ಮಾಡಿದ್ಲು. ಅವಳಂಥ ಕೈ ಈ ಬೀದೀಲಿ ಹಿಂದೆ ಇರಲಿಲ್ಲ, ಮುಂದೆ ಬರಲ್ಲ. ಅವಳು ಸಿಕ್ಕಿದ್ದು ಅವನ ಪುಣ್ಯ."

ಡಾಕ್ಟರು ಹಲ್ಲು ನೋಡುವವರಂತೆ ಬಗ್ಗಿ ಹೊಲಿಗೆ ನೋಡಿದರು. ಅವರ ಹೆಂಡತಿಯ ಕಣ್ಣು ಒದ್ದೆಯಾಗಿತ್ತು.

"ಆಯಮ್ಮ ಈಗ ಎಲ್ಲಿದ್ದಾರೆ?"

ಬೀದಿಯ ಕಟ್ಟಳೆ ನಾಲಿಗೆಯ ತುದಿಯಲ್ಲೇ ಇತ್ತು. "ಹೋಗಿಬಿಟ್ಲು ತಾಯಿ," ಎಂದ ಗೂಟಪ್ಪ, ನಿಟ್ಟುಸಿರು ಬಿಟ್ಟು. "ಅವಳ ಜೊತೇನೇ ಆ ಕೈಯೂ ಹೋಯ್ತು."

ಆಮೇಲೆ ನಡೆದದ್ದರಲ್ಲಿ ಅವನ ಪಾಲು ಕಡಿಮೆ, ಕೈಯ ಪಾಲು ಹೆಚ್ಚು. ಡಾಕ್ಟರು ಕೇಳಿದರು, ಕೈ ಮೇಲಿನ ಗುಂಡಿಗೆ ಹೋಯಿತು, ಕೋಟು ಕೈ ಬದಲಾಯಿಸಿತು, ನೋಟುಗಳು ಜೇಬಿಗಿಳಿದವು. ಗಂಡ ಹೆಂಡತಿ ಕಮಾನಿನ ಕಡೆ ನಡೆದರು. ಎಂದಿನಂತೆ ಲೆಕ್ಕ ಒಪ್ಪಿಸಲು ಯಾವ ಅಂಗಡಿಗೆ ಹೋಗಬೇಕೆಂದು ಗೂಟಪ್ಪ ಯೋಚಿಸುತ್ತಾ ನಿಂತಿದ್ದಾಗ, ಬೆನ್ನಿಗೆ ತಣ್ಣನೆ ಗಾಳಿ ಹೊಡೆಯಿತು. ಕೈಗವಸಿನ ಅಂಗಡಿಯ ಅಕ್ಕ, "ಗೂಟಪ್ಪಾ, ಬೆನ್ನಲ್ಲಿ ಹೂ ಅರಳಿದೆಯಲ್ಲೋ!" ಎಂದು ಕೂಗಿದಳು.

ಅವನು ಆ ಕಲ್ಲುಹಾಸಿನ ಮೇಲೆ ಜೀವಮಾನದಲ್ಲಿ ಮೊದಲ ಬಾರಿ ಓಡಿದ. ಕಮಾನಿನ ಕೆಳಗೆ ಫೋಟೋಗೆ ನಿಂತಿದ್ದ ಡಾಕ್ಟರ ತೋಳು ಹಿಡಿದ.

"ಸಾರ್, ಕೋಟು ವಾಪಸ್ ಕೊಡಿ. ಅದು ಹಳೇದಲ್ಲ. ಹೋದ ವಾರ ಹೊಲಿದದ್ದು!"

"ಹೊಲಿದೋರು ಹೋಗಿಬಿಟ್ರು ಅಂದ್ರಿ?"

"ಇಲ್ಲ ಸಾರ್, ಇದ್ದಾಳೆ. ನನ್ನ ಹೆಂಡತಿ!"

"ಐದು ನಿಮಿಷದ ಹಿಂದೆ ಇರಲಿಲ್ಲವಲ್ಲ?"

"ಅದು ಬಾಯಿಗೆ ಬಂದುಬಿಡ್ತು ಸಾರ್. ಅಭ್ಯಾಸ. ಇವತ್ತು ಮಗಳ ಮದುವೆ. ಕೋಟಿಲ್ದೆ ಹೋದ್ರೆ ನನ್ನ ಸಹಿ ಹೋಗುತ್ತೆ, ಅವಳ ಸೋದರಮಾವ ಹಾಕ್ತಾನೆ!"

ಗೂಟಪ್ಪನ ದುರದೃಷ್ಟ ನೋಡಿ. ಕಪ್ತಾನರನ್ನೂ ಜಡ್ಜುಗಳನ್ನೂ ಜನ ಕಣ್ಣುಮುಚ್ಚಿ ನಂಬಿದ್ದರು; ಹುಟ್ಟಿದಂದಿನಿಂದ ಬೀದಿಯಲ್ಲಿ ಮೊದಲ ಸಲ ನಿಜ ಹೇಳಿದರೆ ನಂಬುವವರಿಲ್ಲ. ಇನ್ಯಾರೋ ಹೆಚ್ಚಿಗೆ ಕೊಡುತ್ತೇನೆ ಎಂದಿರಬೇಕು, ಅದಕ್ಕೇ ಈ ನಾಟಕ ಎಂದು ಡಾಕ್ಟರು ಕೋಟಿನ ಗುಂಡಿಗಳನ್ನು ಭದ್ರವಾಗಿ ಹಾಕಿಕೊಂಡರು. ಅವರ ಹೆಂಡತಿಯೇ ಕೊನೆಗೆ, "ನಡೀರಿ, ಹೋಗೋಣ. ಆ ಸತ್ತಿರೋ ಅಮ್ಮನ್ನ ಕಣ್ಣಾರೆ ನೋಡೇಬಿಡೋಣ," ಎಂದಳು.

ನೋಂದಣಿ ಕಚೇರಿಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಮದುವೆಯ ಬಳಗ ಕೂತಿತ್ತು. ಮೊದಲು ಕೋಟು ಬಂತು, ಅದರೊಳಗೆ ಅಪರಿಚಿತ ಡಾಕ್ಟರು. ಹಿಂದೆ ಅವರ ಹೆಂಡತಿ. ಅವರ ಹಿಂದೆ ಬೆನ್ನನ್ನು ಗೋಡೆಗೆ ಉಜ್ಜಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ ಗೂಟಪ್ಪ. ಮಗಳು ಎದ್ದು ನಿಂತಳು. ಕೂಗಲಿಲ್ಲ, ಬೈಯಲಿಲ್ಲ. "ಅಪ್ಪಾ," ಎಂದಳು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು. ಸೋದರಮಾವ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.

"ಈ ಕೋಟು ಹೊಲಿದೋರು ಯಾರು?" ಡಾಕ್ಟರು ಕೇಳಿದರು.

"ನಾನು," ಎಂದಳು ಗೂಟಪ್ಪನ ಹೆಂಡತಿ.

"ಅಯ್ಯೋ, ನೀವು ಸತ್ತಿಲ್ವಾ?" ಎಂದು ಡಾಕ್ಟರ ಹೆಂಡತಿ ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟಳು.

ಗೂಟಪ್ಪನ ಹೆಂಡತಿ ಗಂಡನ ಕಡೆ ನೋಡಿದಳು. ಮಗಳ ಮದುವೆಯ ದಿನವೇ ತನ್ನನ್ನು ಸಾಯಿಸಿ ಬಂದ ಗಂಡ ಗೋಡೆಗೆ ಇನ್ನಷ್ಟು ಅಂಟಿಕೊಂಡ.

"ಏನಂದ್ರು ಇವರು?" ಎಂದು ಕೇಳಿದಳು, ತಣ್ಣಗೆ.

ಡಾಕ್ಟರ ಹೆಂಡತಿಗೆ ಜ್ಞಾಪಕಶಕ್ತಿ ಚೆನ್ನಾಗಿತ್ತು. ಒಂದನ್ನೂ ಬಿಡದೆ ಹೇಳಿದಳು. ಕಾಜ ಹೊಲಿಯುವಾಗ ಹಿಡಿದ ಉಸಿರು, ದಡ್ಡುಗಟ್ಟಿದ ಹೆಬ್ಬೆರಳು. ಹೇಳುತ್ತಲೇ ಆ ಹೆಬ್ಬೆರಳನ್ನು ಮುಟ್ಟಿ ನೋಡಿ, "ಹೌದು ಕಣ್ರೀ, ನಿಜಾನೇ!" ಎಂದು ಗಂಡನಿಗೆ ತೋರಿಸಿದಳು. ಸೊಟ್ಟ ಹೆಗಲಿನ ಮಾತು ಬಂದಾಗ ಗೂಟಪ್ಪನ ಹೆಂಡತಿಯ ಮುಖದ ಬಣ್ಣ ಬದಲಾಯಿತು.

"ಇನ್ನೇನಂದ್ರು?"

"ಜೀವನಾನೂ ಹಾಗೇ ನೆಟ್ಟಗೆ ಮಾಡಿದ್ಲು ಅಂದ್ರು."

"ಇನ್ನೇನಂದ್ರು?"

"ನೀವು ಸಿಕ್ಕಿದ್ದು ಪುಣ್ಯ ಅಂದ್ರು."

ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಡಾಕ್ಟರು ಮರುಮಾತಿಲ್ಲದೆ ಕೋಟು ಬಿಚ್ಚಿ, ಗೂಟಪ್ಪ ಚಾಚಿದ ನೋಟುಗಳನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು. ಒಳಗಿನಿಂದ ಗುಮಾಸ್ತ ಸಾಕ್ಷಿಗಳನ್ನು ಕರೆದ.

"ಮಾವ, ಪೆನ್ ಕೊಡಿ ಇಲ್ಲಿ," ಎಂದಳು ಮಗಳು. ಪೆನ್ನನ್ನು ಅಪ್ಪನ ಕೈಗೆ ಇಟ್ಟು, "ನಿನ್ನನ್ನ ತಿದ್ದೋಕೆ ಆಗಲ್ಲಪ್ಪ. ಬಾ, ಸಹಿ ಹಾಕು," ಎಂದು ಕಣ್ಣೊರೆಸಿಕೊಂಡು ನಕ್ಕಳು.

ಗೂಟಪ್ಪ ಒಂದು ಹೆಜ್ಜೆ ಇಟ್ಟ. ಹೆಂಡತಿ ಅಡ್ಡ ನಿಂತಳು. ಕೋಟನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಿದ್ದಳು.

"ಅಷ್ಟೂ ನನ್ನ ಮುಂದೆ ಹೇಳಿ. ಒಂದು ಸಲ."

ಗೂಟಪ್ಪ ಬಾಯಿ ತೆರೆದ. ದಾರಿಹೋಕರ ಕಿವಿಗೆ ಸಮುದ್ರವನ್ನೇ ತುಂಬಿದವನಿಗೆ ಈಗ ಒಂದು ಪದ ಸಿಗಲಿಲ್ಲ. ಕಾಲರ್ ನೋಡಿದ, ಕಾಜ ನೋಡಿದ, ಅವಳ ಹೆಬ್ಬೆರಳು ನೋಡಿದ.

"ಚೆನ್ನಾಗಿದೆ ಕಣೆ," ಎಂದ.

"ಇಷ್ಟು ಹೇಳಿದ್ರೆ ಯಾರ್ರೀ ತಗೋತಾರೆ?" ಎಂದಳು ಅವಳು. ಆದರೆ ಅವನು ಎರಡೂ ತೋಳು ತೂರಿಸಿ ಮುಗಿಸುವವರೆಗೆ ಕೋಟನ್ನು ಬಿಡಲಿಲ್ಲ.